ಬಾಣ ಕೂರುವ ಜಾಗ

ಮೊನ್ನೆ ರೋಣದ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಕ್ಕದಲ್ಲಿ ಬಂದು ಕೂತಳು. ಈಗ ಅವಳೇ ಯಾವುದೋ ಕಚೇರಿಯಲ್ಲಿ ಮೇಡಂ. ಮುಂದಿನ ಸೀಟಿನ ಕಂಬಿ ಹಿಡಿದಿದ್ದ ನನ್ನ ಎಡಗೈ ನೋಡಿ, "ಸರ, ತೋರಬೆರಳ ಬುಡದಾಗ ಇದೇನ್ರಿ ಗಾಯ? ಟೈಪಿಂಗ್ ಮಷಿನ್ ಕಡದಿತ್ತೇನ್ರಿ?" ಎಂದು ಕೇಳಿದಳು.

"ಇಲ್ಲವಾ, ಬಾಣ ಕೆತ್ತಿದ್ದು" ಅಂದೆ.

ಅವಳು ನಕ್ಕೇ ನಕ್ಕಳು. ನಾನೂ ನಕ್ಕೆ. ಇದೊಂದು ಅನುಕೂಲ ನನಗೆ ಮೊದಲಿನಿಂದಲೂ ಇದೆ: ಖರೇ ಮಾತು ಹೇಳಿದಾಗಲೇ ಜನ ನನ್ನನ್ನು ತಮಾಷೆಯವನು ಎಂದುಕೊಳ್ಳುತ್ತಾರೆ. ಅವಳು ಇಳಿದು ಹೋದ ಮೇಲೆ ಕಿಟಕಿಯಾಚೆ ಎರೆಹೊಲಗಳು ಓಡುತ್ತಿದ್ದವು, ಜೋಳ ತೆನೆ ಹಿಡಿದು ನಿಂತಿತ್ತು. ನಾನು ಕಂಬಿಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವು ನಕ್ಕರೂ ಅಡ್ಡಿಯಿಲ್ಲ. ಮೊದಲರ್ಧದಲ್ಲಿ ನಗುವಂಥದ್ದು ಸಾಕಷ್ಟಿದೆ.

ಎರಡು ಸಾವಿರದ ಐದೋ ಆರೋ ಇರಬೇಕು. ರೋಣದ ಬಜಾರದಲ್ಲಿ ಅರಿವೆ ಅಂಗಡಿಯ ಮಾಳಿಗೆ ಮೇಲೆ ನನ್ನ ಟೈಪಿಂಗ್ ಕ್ಲಾಸ್ ನಡೆಯುತ್ತಿತ್ತು. ನಡೆಯುತ್ತಿತ್ತು ಎನ್ನುವುದು ಮರ್ಯಾದೆಯ ಮಾತು. ಎದುರಿನ ಕಟ್ಟಡದಲ್ಲಿ ಕಂಪ್ಯೂಟರ್ ಕ್ಲಾಸ್ ತೆರೆದ ವರ್ಷವೇ ನನ್ನ ಹುಡುಗರೆಲ್ಲ ರಸ್ತೆ ದಾಟಿ ಹೋಗಿದ್ದರು. ನಾನು ಬೆಳಿಗ್ಗೆ ಕೀಲಿ ತೆಗೆದು, ಒಂಬತ್ತೂ ಯಂತ್ರಗಳ ಧೂಳು ಒರೆಸಿ, ಒಂದೊಂದರಲ್ಲೂ ನನ್ನ ಹೆಸರನ್ನು ಒಂದೊಂದು ಸಲ ಹೊಡೆದು, ಕಿಟಕಿಯಲ್ಲಿ ಕೂಡುತ್ತಿದ್ದೆ. ಹಾಗೆ ಕೂತಿದ್ದ ಒಂದು ದಿನ ಗಂಗವ್ವತ್ತೆ ಮಾಳಿಗೆಯ ಮೆಟ್ಟಿಲನ್ನು ದಪದಪ ಹತ್ತಿ ಬಂದಳು.

ಗಂಗವ್ವತ್ತೆ ನನ್ನ ಸೋದರಮಾವ ಫಕೀರಪ್ಪನ ಹೆಂಡತಿ. ಪುರ್ತಗೇರಿಯಲ್ಲಿ ಗುಡ್ಡದ ಬುಡಕ್ಕೆ ಅವರ ಹೊಲ. ಮಾವ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅತ್ತೆ ಬಿತ್ತುವುದರಿಂದ ರಾಶಿಯ ತನಕ ತಾನೇ ನಿಂತು ಮಾಡಿಸುತ್ತಿದ್ದಳು. ಆಳುಗಳು ಮಾವನಿಗಿಂತ ಅವಳಿಗೇ ಹೆಚ್ಚು ಅಂಜುತ್ತಿದ್ದರು.

"ಈ ಸಲ ಜ್ವಾಳ ಆಳೆತ್ತರ ನಿಂತೈತಿ" ಎಂದಳು, ಕೂಡದೆಯೇ. "ಹಂದಿ ಗುಡ್ಡ ಇಳದ ಬರಾಕತ್ತಾವ. ಕಾಯೋ ಆಳು ಕಾಲ ಮುರಕೊಂಡು ಮನ್ಯಾಗ ಬಿದ್ದಾನ. ಹದಿನೈದ ದಿನ ಸಂಜಿ ಮುಂದ ಬಂದ ನಿಂದ್ರು. ನಿನ್ನ ಅಂಗಡಿ ಹ್ಯಾಂಗೂ ನೊಣ ಹೊಡ್ಯಾಕತ್ತೈತಿ."

"ಅಂಗಡಿ ಅಲ್ಲತ್ತಿ, ಇನ್‌ಸ್ಟಿಟ್ಯೂಟ್."

"ಹೌದಪಾ, ಅದ. ಅದನ್ನ ಕೀಲಿ ಹಾಕು, ಬಾ."

ನಾನು ಹೂಂ ಅಂದದ್ದು ಅತ್ತೆಯ ಮೇಲಿನ ಪ್ರೀತಿಗೋ, ನೊಣದ ಬೇಸರಕ್ಕೋ ಅಲ್ಲ. ಮಾವನ ಬಿಲ್ಲಿಗಾಗಿ.

ಆ ಬಿಲ್ಲು ಅವರ ಪಡಸಾಲೆಯ ಗೋಡೆಯ ಮೇಲೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ತೂಗುತ್ತಿತ್ತು. ಸುಗ್ಗಿಯ ರಜೆಗೆ ಹೋದಾಗ ನಾವು ಹೊಲದಲ್ಲಿ ಹಸಿ ತೆನೆ ಸುಟ್ಟು ಸೀತನಿ ಕಾಳು ಬಡಿದು, ಬೂದಿ ಊದಿ ಊದಿ, ತುಟಿಯೆಲ್ಲ ಕರಿ ಮಾಡಿಕೊಂಡು ತಿನ್ನುತ್ತಿದ್ದೆವು. ಅದೇ ಹೊತ್ತಿಗೆ ಮಾವ ಬಿಲ್ಲು ಹೆಗಲಿಗೇರಿಸಿ ಜೋಳದ ಅಂಚಿಗೆ ಹೋಗಿ ನಿಲ್ಲುತ್ತಿದ್ದ. ಊರಲ್ಲಿ ಅವನಿಗೆ ಬೇಟೆ ಫಕೀರಪ್ಪ ಎಂದೇ ಹೆಸರು. ಆದರೆ ಅವನು ವಾಪಸು ಬರುವಾಗ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಹೊಡೆದದ್ದನ್ನೆಲ್ಲ ಗುಡ್ಡದಾಚೆಯ ಜನಕ್ಕೆ ಹಂಚಿ ಬರುತ್ತಾನೆ ಎಂದು ನನ್ನಣ್ಣ ಹೇಳುತ್ತಿದ್ದ, ನಾನು ನಂಬುತ್ತಿದ್ದೆ. ಸಾಲಿಯಲ್ಲಿ ಗೆಳೆಯರ ಮುಂದೆ ಮಾವ ಹೊಡೆದ ಹಂದಿಗಳ ಲೆಕ್ಕ ಹೇಳುವಾಗ ಅದಕ್ಕೆ ನಾನೇ ಒಂದೆರಡು ಚಿರತೆಯನ್ನೂ ಸೇರಿಸಿದ್ದೆ.

ಈಗ ಅತ್ತೆ ಕೋಲಿನಿಂದ ಮೀಟಿ ಬಿಲ್ಲನ್ನು ಇಳಿಸಿ ಕೊಟ್ಟಳು. ಹಳೆಯ ಬಿದಿರು, ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ನಡುವೆ, ಹಿಡಿಯುವ ಕೈಯ ಮೇಲ್ಗಡೆ ಎಡಮಗ್ಗುಲಿಗೆ, ಹೆಬ್ಬೆರಳಿನ ಉಗುರಿನಷ್ಟು ಕೋಡಿನ ತುಂಡೊಂದನ್ನು ಕರುಳಿನ ಎಳೆಯಿಂದ ಬಿಗಿದಿದ್ದರು. ಬಾಣದ ಕಡ್ಡಿ ಕೂರುವ ಆಸರೆ ಅದು. ಅದರ ಮೇಲೆ ಬಾಣವಿಟ್ಟು ಎಳೆಯಬೇಕು.

ಕಾಡುಹಂದಿಯನ್ನು ಕೊಲ್ಲುವುದು ಕಾನೂನಿಗೆ ವಿರುದ್ಧ ಎಂಬುದು ನನಗೆ ಗೊತ್ತಿತ್ತು. ಬೆದರಿಸುವುದಕ್ಕಷ್ಟೇ ಎಂದು ಎಲ್ಲರಿಗೂ ಹೇಳಿದೆ. ನನಗೂ ಹಾಗೇ ಹೇಳಿಕೊಂಡೆ. ಆದರೆ ಒಂದು ಹಂದಿಯನ್ನಾದರೂ ಕೆಡವಿ, ಹೊಲದ ಅಂಚಿನಲ್ಲಿ ಅದರ ಮೇಲೊಂದು ಕಾಲಿಟ್ಟು ನಿಂತ ನನ್ನ ಚಿತ್ರ ಮನಸ್ಸಿನಲ್ಲಿ ಅಚ್ಚಾಗಿತ್ತು. ಚಿತ್ರದಲ್ಲಿ ನನ್ನ ಹೊಟ್ಟೆ ಇಷ್ಟು ಮುಂದಿರಲಿಲ್ಲ.

ಹಿತ್ತಲಿನಲ್ಲಿ ಹೊಟ್ಟು ತುಂಬಿದ ಚೀಲ ನಿಲ್ಲಿಸಿ ಮೊದಲ ಬಾಣ ಹೂಡಿದೆ. ಹೆದೆಯನ್ನು ಕಿವಿಯ ತನಕ ಎಳೆದೆ. ಇನ್ನೇನು ಬಿಡಬೇಕು, ಬಾಣ ಆಸರೆಯಿಂದ ಜಾರಿ ಎಡಕ್ಕೆ ಬಿತ್ತು.

ಮತ್ತೆ ಹೂಡಿದೆ. ಮತ್ತೆ ಬಿತ್ತು. ಅವತ್ತು ಇಪ್ಪತ್ತು ಸಲವಾದರೂ ಎಳೆದಿರಬೇಕು. ಎಳೆಯುವಾಗ ಬಾಣ ಸೊಗಸಾಗಿ ಕೂತಿರುತ್ತಿತ್ತು. ಬಿಡು ಎಂದು ಮನಸ್ಸು ಹೇಳುವುದಕ್ಕೆ ಒಂದು ಅರೆಕ್ಷಣ ಮೊದಲು, ಪ್ರತಿ ಸಲವೂ ಅದೇ ಅರೆಕ್ಷಣದಲ್ಲಿ, ಯಾರೋ ಬೆರಳಿನಿಂದ ತಳ್ಳಿದಂತೆ ಜಾರುತ್ತಿತ್ತು. ಎಂಟನೆಯದೋ ಒಂಬತ್ತನೆಯದೋ ಸಲಕ್ಕೆ ನಾನು ಹೊರಳಿ ನೋಡಿದೆ. ಹಿತ್ತಲಲ್ಲಿ ನನ್ನನ್ನು ಬಿಟ್ಟು ಎಮ್ಮೆ ಮಾತ್ರ ಇತ್ತು. ಅದು ಮೇಯುವುದನ್ನು ನಿಲ್ಲಿಸಿ ನನ್ನ ಎಡಭುಜದ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿತ್ತು. ಎಮ್ಮೆಗಳು ಎಲ್ಲಿ ಬೇಕಾದರೂ ನೋಡುತ್ತವೆ ಎಂದು ಸಮಾಧಾನ ಹೇಳಿಕೊಂಡೆ.

ಆಸರೆಯ ಸಹವಾಸವೇ ಬೇಡವೆಂದು ಮರುದಿನ ಬಾಣವನ್ನು ನೇರ ಬೆರಳಿನ ಗೆಣ್ಣಿನ ಮೇಲಿಟ್ಟು ಬಿಟ್ಟೆ. ಅದು ಹಾರಿತು. ಹಾರುವಾಗ ಅದರ ಹಿಂಬದಿಯ ಗರಿ ನನ್ನ ತೋರುಬೆರಳಿನ ಬುಡವನ್ನು ಕೆತ್ತಿಕೊಂಡು ಹೋಯಿತು. ಮೊನ್ನೆ ಬಸ್ಸಿನಲ್ಲಿ ನಗೆಗೆ ಕಾರಣವಾದ ಗಾಯ ಅದೇ. ಅದಾದ ಮೇಲೆ ನನ್ನ ಕಸುಬಿನ ಜಂಬ ಎದ್ದಿತು. ಹಳೆಯ ಟೈಪ್‌ರೈಟರಿನಿಂದ ಅಕ್ಷರದ ಕಡ್ಡಿ ಬಂದು ಬಡಿಯುವ ಕಡೆ ಇರುವ ಕವಲಿನ ತುಂಡನ್ನು ಬಿಚ್ಚಿ, ತಂತಿಯಿಂದ ಬಿಲ್ಲಿಗೆ ಕಟ್ಟಿದೆ. ಅಕ್ಷರವನ್ನು ನೆಟ್ಟಗೆ ನಿಲ್ಲಿಸುವುದು ಬಾಣವನ್ನು ನಿಲ್ಲಿಸದೇ? ಬಾಣ ಅದರಲ್ಲಿ ಎಷ್ಟು ಭದ್ರವಾಗಿ ಕೂತಿತೆಂದರೆ, ಹೆದೆ ಬಿಟ್ಟ ಮೇಲೂ ಅರ್ಧ ಅಲ್ಲೇ ಉಳಿಯಿತು. ಇನ್ನರ್ಧ ಎಮ್ಮೆಯ ಮೇವಿನ ಗ್ವಾದಲಿಗೆ ಬಿತ್ತು.

ಕೊನೆಗೆ ಹುಬ್ಬಳ್ಳಿಗೆ ಹೋದೆ. ಆಟದ ಸಾಮಾನಿನ ಅಂಗಡಿಯಲ್ಲಿ ಇದಕ್ಕೆ ಆರೋ ರೆಸ್ಟ್ ಎನ್ನುತ್ತಾರೆಂದು ಆಗಲೇ ತಿಳಿದದ್ದು. ಅಂಗಡಿಯವನು ಗಾಜಿನ ಮೇಲೆ ಮೂರು ತರಹದ್ದನ್ನು ಇಟ್ಟ. ಒಂದಕ್ಕೆ ಸುತ್ತ ಬ್ರಶ್ಶಿನ ಕೂದಲು, ನಡುವೆ ತೂತು. ಇನ್ನೊಂದು ಬರೀ ಪ್ಲಾಸ್ಟಿಕ್ಕಿನ ನಾಲಗೆ. ಮೂರನೆಯದು ಸಣ್ಣ ತಂತಿಯ ತೋಳು, ತುದಿಯಲ್ಲಿ ಕೊಕ್ಕೆ, ಹಿಂದೆ ಅಂಟು.

"ಯಾವ ಲೆವೆಲ್ ಆಡ್ತೀರಿ ಸರ್? ಡಿಸ್ಟ್ರಿಕ್ಟೋ, ಸ್ಟೇಟೋ?"

"ಪುರ್ತಗೇರಿ" ಅಂದೆ.

ಅವನು ತಂತಿಯದನ್ನು ಮುಂದೆ ಸರಿಸಿದ. ಅದರಲ್ಲೊಂದು ಕಡ್ಡಿಯಿಟ್ಟು ಬುಡಮೇಲು ಮಾಡಿ ತೋರಿಸಿದ. "ನೋಡ್ರಿ, ಉಲ್ಟಾ ಹಿಡದ್ರೂ ಬಾಣ ಬೀಳಂಗಿಲ್ಲ." ನನಗೆ ಬೇಕಾದದ್ದು ಅದೇ ಆಗಿತ್ತು.

ಮಾವನ ಕೋಡಿನ ತುಂಡನ್ನು ತೆಗೆಯಲು ನೋಡಿದೆ. ಕರುಳಿನ ಎಳೆ ಚಾಕುವಿಗೂ ಬಗ್ಗಲಿಲ್ಲ. ಇರಲಿ ಬಿಡು ಎಂದು ಅದರ ಮೇಲ್ಗಡೆ ಒಂದು ಬೆರಳಷ್ಟು ಜಾಗ ಬಿಟ್ಟು ಹೊಸದನ್ನು ಅಂಟಿಸಿದೆ. ಹತ್ತು ಬಾಣ ಬಿಟ್ಟರೆ ಎಂಟು ಚೀಲಕ್ಕೆ ಹೊಕ್ಕವು. ಅವತ್ತು ಅತ್ತೆ ಬಡಿದ ರೊಟ್ಟಿಯಲ್ಲಿ ಎರಡು ಹೆಚ್ಚಿಗೆ ತಿಂದೆ.

ಇನ್ನು ಮುಂದಿನದು ನಗುವ ಮಾತಲ್ಲ.

ಮರುದಿನ ಸಂಜೆ ಹೊಲದ ಒಡ್ಡಿನ ಮೇಲೆ ನಿಂತಿದ್ದೆ. ಅತ್ತೆ ನನ್ನನ್ನು ಅಲ್ಲಿ ನಿಲ್ಲಿಸಿ, ದೀಪ ಹಚ್ಚುವ ಹೊತ್ತಾಯಿತೆಂದು ಮನೆಯ ಕಡೆ ಹೋಗಿದ್ದಳು. ಗುಡ್ಡದ ಮೇಲೆ ಆ ಕೆಲವು ವರ್ಷಗಳಲ್ಲಿ ಸಾಲಾಗಿ ಗಾಳಿಯಂತ್ರಗಳು ಎದ್ದಿದ್ದವು. ಊರವರು ಅವನ್ನು ಪಂಖಾ ಎನ್ನುತ್ತಿದ್ದರು. ಸೂರ್ಯ ಅವುಗಳ ಹಿಂದೆ ಇಳಿದಾಗ ರೆಕ್ಕೆಗಳ ಉದ್ದುದ್ದ ನೆರಳು ಹೊಲದ ಮೇಲೆ ಬಿದ್ದು ಹಾಯುತ್ತಿತ್ತು. ಜೋಳದ ತೆನೆಗಳು ಒಮ್ಮೆ ಬೆಳ್ಳಗೆ, ಒಮ್ಮೆ ಕಪ್ಪಗೆ. ಗಾಳಿ ಇರಲಿಲ್ಲ. ಗುಡ್ಡದ ಮೇಲೆ ಇದ್ದ ಗಾಳಿ ಕೆಳಗೆ ಒಂದು ಎಲೆಯನ್ನೂ ಅಲುಗಿಸುತ್ತಿರಲಿಲ್ಲ. ಹಾಗಾಗಿ ಹೊಲದ ನಡುವೆ ದಂಟುಗಳು ಅಲುಗಿದಾಗ ಅದು ತಟ್ಟನೆ ಕಣ್ಣಿಗೆ ಬಿತ್ತು.

ದಂಟುಗಳು ಸಾಲಾಗಿ ಬಾಗುತ್ತಿದ್ದವು. ಏನೋ ನೇರ ನನ್ನ ಕಡೆಗೇ ಬರುತ್ತಿತ್ತು, ಭಾರವಾಗಿ, ಸರಬರ ಸದ್ದು ಮಾಡುತ್ತ. ಬಾಣ ಹೂಡಿದೆ. ಎಳೆದೆ. ತಂತಿಯ ಕೊಕ್ಕೆಯಲ್ಲಿ ಬಾಣ ಕಲ್ಲಿನಂತೆ ಕೂತಿತ್ತು. ನನಗೂ ಅದಕ್ಕೂ ಹದಿನೈದು ಮಾರಿನಷ್ಟೂ ಅಂತರ ಉಳಿದಿರಲಿಲ್ಲ.

ಆಗ ಜೋಳದೊಳಗಿನಿಂದ ಒಂದು ನಾದ ಕೇಳಿತು. ಟಂಯ್... ಟಂಯ್... ದಪ್ಪ ತಂತಿಯನ್ನು ನಿಧಾನವಾಗಿ ಮೀಟಿದ ಹಾಗೆ. ಚಿಕ್ಕಂದಿನಲ್ಲಿ ಅರಳೆ ಹಿಂಜುವ ಪಿಂಜಾರರು ಓಣಿಗೆ ಬಂದಾಗ ಅವರ ಕಮಾನಿನಿಂದ ಕೇಳುತ್ತಿದ್ದ ಸದ್ದು. ಆದರೆ ನಿಜ ಹೇಳಬೇಕು: ನಾನು ಹೆದೆ ಸಡಿಲಿಸಲಿಲ್ಲ. ಹಂದಿಯನ್ನು ಬಿಡಬಾರದು ಎಂಬುದೊಂದೇ ತಲೆಯಲ್ಲಿತ್ತು. ದಂಟುಗಳ ಓಟ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ಬಿಡು ಎಂದಿತು ಮನಸ್ಸು.

ಹುಬ್ಬಳ್ಳಿಯ ಆಸರೆ ಬಿಲ್ಲಿನಿಂದ ಕಿತ್ತು ಬಂತು. ಅಂಟಿನ ಎಳೆಗಳ ತುದಿಗೆ ಅದು ಜೋತುಬಿತ್ತು. ಬಾಣ ಕೆಳಗಿನ ಕೋಡಿನ ತುಂಡಿನ ಮೇಲೆ ಬಿದ್ದು, ಅಲ್ಲಿಂದ ಜಾರಿ, ನನ್ನ ಪಾದದ ಹತ್ತಿರ ಎರೆಮಣ್ಣಿಗೆ ಬಿತ್ತು. ಜೋಳ ಸರಿಯಿತು. ತಲೆಯ ಮೇಲೆ ಮೇವಿನ ಹೊರೆ ಹೊತ್ತ ಗಂಗವ್ವತ್ತೆ ಹೊರಗೆ ಬಂದಳು.

ಮನೆಗೆ ಹೋಗುವವಳು ಆಚೆ ಅಂಚಿಗೆ ಹೋಗಿ ಎಮ್ಮೆಗೆ ಮೇವು ಕೊಯ್ದುಕೊಂಡು, ಸುತ್ತು ಯಾಕೆಂದು ಹೊಲದ ನಡುವೆಯೇ ಹಾದು ಬಂದಿದ್ದಳು. ಅವಳು ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಬಿಲ್ಲು ನೋಡಿದಳು. ಕೆಳಗೆ ಬಿದ್ದಿದ್ದ ಬಾಣ ನೋಡಿದಳು. ಆಮೇಲೆ ಕೇಳಿದಳು:

"ಇಲ್ಲಿ ಯಾರರ ಅರಳಿ ಹಿಂಜಾಕತ್ತಿದ್ರೇನು? ಸಪ್ಪಳ ಕೇಳಿ ನಾ ಒಂದೀಟ ನಿಂತೆ."

"ಪಂಖಾದ ಸಪ್ಪಳ ಇರಬೇಕತ್ತಿ."

"ಪಂಖಾದ ಸಪ್ಪಳ ನನಗ ಗೊತ್ತಿಲ್ಲೇನು? ದಿನಾ ಕೇಳತೇನಿ." ಅವಳು ಹೊರೆ ಸರಿಮಾಡಿಕೊಂಡು ನಡೆದಳು. ನಾನು ಹಿಂದೆ ಹೋದೆ. ಜೋತಾಡುತ್ತಿದ್ದ ಹುಬ್ಬಳ್ಳಿಯ ಆಸರೆಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ.

ಬೆಳಿಗ್ಗೆ ಚಹಾ ಕುಡಿಯುವಾಗ, ಆ ಕೋಡಿನ ತುಂಡನ್ನು ಬಿಲ್ಲಿಗೆ ಕಟ್ಟಿದವರು ಯಾರು ಎಂದಷ್ಟೇ ಕೇಳಿದೆ. ಗಜೇಂದ್ರಗಡದ ಪಿಂಜಾರ ಮೌಲಾಸಾಬ ಎಂದಳು. "ನಿಮ್ಮ ಮಾವಗ ಜೀವದ ಗೆಳ್ಯಾ. ಹೊಸಾ ಅರಳಿ ಬಂದಾಗೊಮ್ಮೆ ನಿಮ್ಮ ಮಾವನ ಅವರ ಮನಿಗೆ ಹೊತ್ತ ಹೋಗಿ ಕೊಟ್ಟ ಬರ್ತಿದ್ದ. ನಿಮ್ಮ ಮಾವನ ಮಣ್ಣಿಗೆ ಮೌಲಾಸಾಬ ಕೋಲ ಊರಿಕೊಂಡ ಬಂದಿದ್ದ ಪಾಪ, ಮಂದಿ ಹಿಡಕೊಂಡ ನಿಲ್ಲಿಸಿದ್ರು." ನಾನು ಬಿಲ್ಲನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ.

ಗುಡ್ಡದ ಬುಡದ ಓಣಿಯೊಂದರಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲಿ ತೊಲೆಯ ಜೇಡರ ಬಲೆಗೆಲ್ಲ ಹಳೆಯ ಅರಳೆಯ ತುಪ್ಪಳ ಅಂಟಿಕೊಂಡು ಬೆಳ್ಳಗಾಗಿತ್ತು. ಗೋಡೆಗೆ ಆಳುದ್ದದ ಹಿಂಜುವ ಕಮಾನು ತೂಗುಹಾಕಿತ್ತು. ಮೌಲಾಸಾಬರು ಗಾದಿಯ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಯಾರೆಂದು ಹೇಳುವ ಮೊದಲೇ ಗೋಣಿಯಿಂದ ಹಣಿಕಿದ ಬಿಲ್ಲಿನ ತುದಿ ಅವರ ಕಣ್ಣಿಗೆ ಬಿತ್ತು. ಅವರ ಮುಖ ಬಿಳಿಚಿತು.

"ಯಾರಿಗೆ ಬಡೀತು?" ಎಂದರು.

"ಯಾರಿಗೂ ಇಲ್ಲರಿ, ಕಾಕಾ."

"ನನ್ನ ಕೈ ಮುಟ್ಟಿ ಹೇಳು."

ಮುಟ್ಟಿದೆ. ಮುಟ್ಟಿದ ಮೇಲೆ ಅರ್ಧ ಹೇಳುವಂತಿರಲಿಲ್ಲ. "ಗಂಗವ್ವತ್ತಿಗೆ ಹೊಡದಬಿಡ್ತಿದ್ದೆ" ಎಂದೆ. ಹಿಂದಿನ ಸಂಜೆಯಿಂದ ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಹೊರಗೆ ಬಿದ್ದದ್ದು ಆಗಲೇ. ನನ್ನ ವಯಸ್ಸು ನಲವತ್ತು ದಾಟಿತ್ತು. ಪರಿಚಯವಿಲ್ಲದ ಮನೆಯಲ್ಲಿ ಕೂತು ಮಕ್ಕಳ ಹಾಗೆ ಅತ್ತುಬಿಟ್ಟೆ.

ಮೌಲಾಸಾಬರು ನನ್ನನ್ನು ಸಮಾಧಾನ ಮಾಡಲಿಲ್ಲ. ಅಳು ನಿಂತ ಮೇಲೆ ಲುಂಗಿಯನ್ನು ಸ್ವಲ್ಪ ಸರಿಸಿ ಬಲತೊಡೆ ತೋರಿಸಿದರು. ಮೊಣಕಾಲಿನ ಮೇಲೆ ರೂಪಾಯಿ ಅಗಲದ ಗುಳಿ.

"ಇದು ನಿಮ್ಮ ಮಾವಂದು" ಎಂದರು. "ನಾವಿಬ್ಬರೂ ಹರೇದಾಗ ಇದ್ವಿ. ಮಟಮಟ ಮಧ್ಯಾಹ್ನ. ನಾ ಅರಳಿ ಗಂಟ ಹೊತ್ತು, ಕಮಾನ ಹೆಗಲಿಗೆ ಹಾಕಿ, ಹತ್ತರದ ದಾರಿ ಅಂತ ಜ್ವಾಳದಾಗ ಹಾಯ್ದೆ. ಅಂವಗ ಹಂದಿ ಕಂಡೆ. ಬಾಣ ಬಡದ ಮ್ಯಾಲ ಒದರಿದೆ ನೋಡು, ಆವಾಗ ಮನಶ್ಯಾ ಅಂತ ಗೊತ್ತಾತು ಅಂವಗ."

"ಪೊಲೀಸ್ ಕೇಸ್ ಆಗಲಿಲ್ಲರಿ?"

"ದವಾಖಾನ್ಯಾಗ ಕುಡಗೋಲ ಮ್ಯಾಲ ಬಿದ್ದೆ ಅಂದೆ. ಯಾಕ ಅಂದೆನೋ ಏನೋ. ಚಕ್ಕಡ್ಯಾಗ ನನ್ನ ತೊಡಿ ಹಿಡಕೊಂಡು ದಾರಿ ತುಂಬ ಅಳಾಕತ್ತಿದ್ದ ಅಂವ. ನನಗ ಬ್ಯಾನಿ, ಅಳಾವ ಅಂವ. ಅಂಥವನ್ನ ಜೇಲಿಗೆ ಹ್ಯಾಂಗ ಕಳಸೂದು?" ಅವರು ನಕ್ಕರು. "ಗಾಯ ಮಾದ ಮ್ಯಾಲ ಬಿಲ್ಲ ತಗೊಂಡ ಬಂದ. ನನ್ನ ಮುಂದ ಮೊಣಕಾಲಿಗೆ ಹಚ್ಚಿ ಮುರಿಯಾಕ ನಿಂತ. ನಾ ಬ್ಯಾಡ ಅಂದೆ. ಮುರದರ ನಾಳೆ ಹಂದಿ ಬಂದಾಗ ಮತ್ತೊಂದ ಮಾಡ್ತಿ. ಇದನ್ನ ಇಟಗೋ, ನಾ ಇದಕ್ಕ ಬುದ್ಧಿ ಕಲಿಸಿ ಕೊಡತೇನಿ ಅಂದೆ."

ಅವರು ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೋಡಿನ ತುಂಡಿನ ಮೇಲೆ ನನ್ನ ಬೆರಳನ್ನು ಹಿಡಿದು ಓಡಿಸಿದರು. ಅದು ಹೊರಮಗ್ಗುಲಿಗೆ ಇಳಿಜಾರಾಗಿತ್ತು. ಎಷ್ಟು ಸಣ್ಣ ಇಳಿಜಾರೆಂದರೆ, ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗಷ್ಟೇ ಗೊತ್ತಾಗುತ್ತಿತ್ತು. ಬಿಲ್ಲನ್ನು ನೆಟ್ಟಗೆ ಹಿಡಿದು ಎಳೆದರೆ ಬಾಣ ಬಿದ್ದೇ ಬೀಳಬೇಕು. ಬೀಳಬಾರದೆಂದರೆ ಎಳೆದ ಮೇಲೆ ಬಿಲ್ಲಿನ ಮೇಲ್ತುದಿಯನ್ನು ಮೆಲ್ಲಗೆ ಬಲಕ್ಕೆ ವಾಲಿಸಬೇಕು. ಅವಸರ ಮಾಡಿದರೆ ಆಗದು.

"ವಾಲಸಾಕ ಎಷ್ಟ ಹೊತ್ತು ಬೇಕಾಕ್ಕೈತಿ, ಅಷ್ಟರಾಗ 'ಯಾರರಿ ಅದು' ಅಂತ ಮೂರು ಸಲ ಕೂಗಬೇಕು. ಹಂಗಂತ ನನಗ ಮಾತು ಕೊಟ್ಟ. ಕೂಗಿದ ಮ್ಯಾಲ ಯಾವ ಹಂದಿ ನಿಂದರತೈತಿ? ಅವತ್ತಿಂದ ಸಾಯೋ ತನಕ ಅಂವ ಒಂದ ಪ್ರಾಣಿ ಕೊಂದಿಲ್ಲ. ಊರಾಗ ಮಾತ್ರ ಬೇಟಿ ಫಕೀರಪ್ಪ."

ನನ್ನ ಚಿರತೆಗಳು ನೆನಪಾದವು. ಅವರಿಗೆ ಹೇಳಲಿಲ್ಲ.

"ನಾನೂ ಒಂದ ಮಾತು ಕೊಟ್ಟಿದ್ದೆ" ಎಂದರು ಮೌಲಾಸಾಬರು. "ಬೆಳಿ ನಿಂತ ಹೊಲದಾಗ ಹಾಯುವಾಗ ಕಮಾನದ ತಂತಿ ಮಿಡಕೋಂತ ಹೋಗಬೇಕು ಅಂತ. ಮನಶ್ಯಾ ಬಂದ ಅಂತ ಗೊತ್ತಾಗಲಿ ಅಂತ. ತಿರುಗೂದು ಬಿಡೋ ತನಕ ಹಂಗ ಮಾಡಿದೆ."

"ಕಾಕಾ, ನಿನ್ನೆ ಸಂಜಿ ನೀವು ಪುರ್ತಗೇರಿ ಕಡೆ ಬಂದಿದ್ರೇನ್ರಿ?"

"ಕಾಲ ನೋಡಿದೆಲ್ಲ. ಫಕೀರಪ್ಪನ ಮಣ್ಣಿಗೆ ಹೋಗಿ ಬಂದಿದ್ದ ಕಡೀದು. ಈ ಹೊಸಲಾ ದಾಟೂದು ಮಂದಿ ಎತ್ತಿದರ ಅಷ್ಟ."

"ಆ ಕಮಾನು ಯಾರರ ಒಯ್ದಿದ್ರೇನ್ರಿ?"

ಅವರು ಗೋಡೆಯ ಕಡೆ ಗಲ್ಲ ಎತ್ತಿದರು. ನಾನು ಎದ್ದು ಹೋಗಿ ನೋಡಿದೆ. ತಂತಿ ತುಂಡಾಗಿ ಕೆಳಗೆ ಜೋತಿತ್ತು. ಮುಟ್ಟಿದರೆ ಧೂಳು ಉದುರಿತು. ಮೀಟಲು ಅಲ್ಲಿ ಏನೂ ಇರಲಿಲ್ಲ. ಹೊಲದಲ್ಲಿ ಕೇಳಿದ್ದನ್ನು ಆಗ ಅವರಿಗೆ ಹೇಳಿದೆ. ಅತ್ತೆಗೂ ಕೇಳಿತ್ತೆಂಬುದನ್ನೂ ಹೇಳಿದೆ. ಮೌಲಾಸಾಬರು ಆ ತುಂಡಾದ ತಂತಿಯನ್ನೇ ನೋಡಿದರು. ಕೊನೆಗೆ, "ಮಾತು ಕೊಟ್ಟಾಂವ ನಾ. ಮಿಡದಾಂವ ಯಾರೋ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಆಮೇಲೆ ಬಿಲ್ಲನ್ನು ಬೆಳಕಿಗೆ ಹಿಡಿದರು. ನನ್ನ ಚಾಕುವಿನ ಗಾಯ ಕರುಳಿನ ಎಳೆಯ ಮೇಲೆ ಇತ್ತು, ಕಟ್ಟು ಸಡಿಲಾಗಿತ್ತು.

"ಈಗಿದು ನಿನ್ನ ಬಿಲ್ಲು. ನೀ ಹೇಳಿದಂಗ ಮಾಡಿಕೊಡತೇನಿ. ಸಮಾ ಮಾಡಿಸಿಕೋತಿ? ಬಾಣ ಬೀಳಂಗಿಲ್ಲ. ಇಲ್ಲಾ, ಇದ್ದಂಗ ಇರ್ಲಿ?"

ನನ್ನ ಅಂಗಿಯ ಜೇಬಿನಲ್ಲಿ ಹುಬ್ಬಳ್ಳಿಯ ತಂತಿಯ ಆಸರೆ ಇತ್ತು. ಅದನ್ನು ತೆಗೆದು ಅವರ ಮುಂದಿಟ್ಟೆ. "ಇದು ಬ್ಯಾಡರಿ. ಇದ್ದಂಗ ಇರ್ಲಿ."

ಅವರು ಹೊಸ ಕರುಳಿನ ಎಳೆಯನ್ನು ನೀರಲ್ಲಿ ನೆನೆಸಲು ಹೇಳಿದರು. ಕಟ್ಟುವ ಮೊದಲು ಕೋಡಿನ ತುಂಡನ್ನು ಅರದಿಂದ ಎರಡು ಸಲ ತಿಕ್ಕಿ, ಬೆರಳು ಓಡಿಸಿ ನೋಡಿ, ಮತ್ತೆ ಎರಡು ಸಲ ತಿಕ್ಕಿದರು.

"ಇದ್ದಂಗ ಇರ್ಲಿ ಅಂದೆನಲ್ಲರಿ" ಎಂದೆ.

"ಫಕೀರಪ್ಪನಕಿಂತ ನಿನಗ ಅವಸರ ಭಾಳ. ಇನ್ನೊಂದೀಟ ಇಳಿಜಾರ ಬೇಕು" ಎಂದರು.

ಪುರ್ತಗೇರಿಗೆ ಮರಳಿದಾಗ ಅತ್ತೆ ಅಂಗಳದಲ್ಲಿ ಮೆಣಸಿನಕಾಯಿ ಬಿಡಿಸುತ್ತ ಕೂತಿದ್ದಳು. ಮೌಲಾಸಾಬರ ತೊಡೆಯ ಕಥೆ ಅವರದು; ಅದನ್ನು ಹೇಳುವ ಹಕ್ಕು ನನಗಿರಲಿಲ್ಲ. ನನ್ನದನ್ನು ಹೇಳಿದೆ. ನಿನ್ನೆ ನಿನ್ನ ಮೇಲೇ ಗುರಿ ಹಿಡಿದಿದ್ದೆ, ನಾದ ಕೇಳಿದರೂ ಹೆದೆ ಸಡಿಲಿಸಲಿಲ್ಲ ಎಂದೆ.

"ಗೊತ್ತೈತಿ" ಎಂದಳು, ಕೈ ನಿಲ್ಲಿಸದೆ. "ನಿನ್ನ ಮಾರಿ ನೋಡೇನಲ್ಲ. ನಿಮ್ಮ ಮಾವನೂ ಹರೇದಾಗ ಒಂದ ದಿನ ಇಂಥಾ ಮಾರಿ ತಗೊಂಡ ಬಂದಿದ್ದ. ಚಕ್ಕಡಿ ಹಲಗಿ ತೊಳ್ಯಾಕ ನಾನ ನೀರ ಕೊಟ್ಟೆ. ಏನಾತು ಅಂತ ಕೇಳಲಿಲ್ಲ. ಕೇಳಿದ್ರ ಹೇಳಿಬಿಡ್ತಿದ್ದ." ಮೆಣಸಿನಕಾಯಿ ಬದಿಗೆ ಸರಿಸಿ, "ಕೈಕಾಲ ತೊಳಕೊಂಡ ಬಾ, ಉಣ್ಣು. ಸಂಜಿಗೆ ಹೊಲಕ್ಕ ಹೋಗಬೇಕು" ಎಂದಳು.

ನನಗೆ ಆ ಸಂಜೆ ಹೋಗುವ ಮನಸ್ಸಿರಲಿಲ್ಲ. ಆದರೆ ಹಂದಿಗಳಿಗೆ ನನ್ನ ಮನಸ್ಸಿನ ಗೊಡವೆ ಇಲ್ಲವಲ್ಲ. ಅತ್ತೆ ಮನೆಯಲ್ಲೇ ಇರುವುದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು ಹೊರಟೆ. ಅವಳು ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು.

ಒಡ್ಡಿನ ಮೇಲೆ ನಿಂತೆ. ಗುಡ್ಡದ ಮೇಲೆ ಪಂಖಾಗಳು ಅವತ್ತು ತಿರುಗುತ್ತಿರಲಿಲ್ಲ. ಎಲ್ಲ ರೆಕ್ಕೆಗಳೂ ನಿಂತಿದ್ದವು. ಬೆಳಕು ಇನ್ನೂ ಚೆನ್ನಾಗಿಯೇ ಇತ್ತು. ಹೊಲದ ನಡುವೆ ದಂಟುಗಳು ಅಲುಗಿದವು. ಬಾಣ ಹೂಡಿ ಎಳೆದೆ. ಮೌಲಾಸಾಬರು ಹೇಳಿದಂತೆ ಬಿಲ್ಲಿನ ತುದಿಯನ್ನು ಮೆಲ್ಲಗೆ ಬಲಕ್ಕೆ ವಾಲಿಸಿದೆ. ಕೋಡಿನ ತುಂಡಿನ ಮೇಲೆ ಮೊದಲ ಸಲ ಬಾಣ ಜಾರದೆ ಕೂತಿತು.

"ಯಾರರಿ ಅದು?" ಎಂದು ಕೂಗಿದೆ.

ತಟ್ಟನೆ ಎಡಗಡೆಯ ಅಂಚಿನಿಂದ ಹಂದಿಯೊಂದು ಮರಿಗಳೊಂದಿಗೆ ಹೊರಬಿದ್ದು, ಒಡ್ಡು ಹಾರಿ, ಗುಡ್ಡದ ಕಡೆ ಓಡಿತು. ಏಳೆಂಟು ಮರಿಗಳು, ಮೈಮೇಲೆ ಗೆರೆ ಗೆರೆ. ನಾನು ಬಿಡಲಿಲ್ಲ. ಬಿಡಬೇಕೆನಿಸಲೂ ಇಲ್ಲ. ಉಸಿರು ಹಗುರಾಯಿತು. ಬಿಲ್ಲು ಇಳಿಸಬೇಕೆಂದು ಮುಂದೆ ನೋಡಿದೆ.

ಹಂದಿ ಓಡಿದ್ದು ಎಡಕ್ಕೆ. ನನ್ನೆದುರಿನ ದಂಟುಗಳು ಇನ್ನೂ ಅಲುಗುತ್ತಿದ್ದವು. ಬುಡದಲ್ಲಿ ಅಲ್ಲ, ಮೇಲೆ, ತೆನೆಯ ಹತ್ತಿರ. ಆಳೆತ್ತರದಲ್ಲಿ ತೆನೆಗಳು ಎರಡೂ ಕಡೆ ಸರಿಯುತ್ತಿದ್ದವು, ಕೈಯಿಂದ ಸರಿಸಿದ ಹಾಗೆ.

"ಯಾರರಿ ಅದು?" ಎಂದೆ.

ಅಲುಗಾಟ ನಿಂತಿತು. ಐದಾರು ಮಾರು ದೂರದಲ್ಲಿ, ಜೋಳದೊಳಗೆ, ಏನೋ ನಿಂತುಕೊಂಡು ನನ್ನ ಕಡೆ ನೋಡುತ್ತಿದೆ ಎಂಬುದು ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತೆಂದು ಕೇಳಬೇಡಿ. ಅತ್ತೆ ಮನೆಯಲ್ಲಿದ್ದಳು. ಆಳುಗಳು ಹೋಗಿಯಾಗಿತ್ತು. ಮೂರನೆಯ ಸಲ ಕೂಗಬೇಕಿತ್ತು. ಕೂಗಲಿಲ್ಲ. ಹೆದೆಯನ್ನು ಸಡಿಲಿಸಿ, ಬಾಣ ತೆಗೆದು, ಬಿಲ್ಲನ್ನು ನೆಲಕ್ಕಿಟ್ಟು, ಎರಡು ಹೆಜ್ಜೆ ಬದಿಗೆ ಸರಿದು ದಾರಿ ಬಿಟ್ಟು ನಿಂತೆ.

ಬಹಳ ಹೊತ್ತಿನ ಮೇಲೆ ತೆನೆಗಳು ಮತ್ತೆ ಸರಿದವು. ನನ್ನ ಕಡೆಗಲ್ಲ. ನಿಧಾನವಾಗಿ, ಕೆಲಸ ಮುಗಿಸಿದವರ ನಡಿಗೆಯಲ್ಲಿ, ಆಚೆಯ ಅಂಚಿನ ಕಡೆಗೆ. ಮನೆಯಿಂದ ಹೊರಟ ಯಾರನ್ನೇ ಆಗಲಿ ಬೀಳ್ಕೊಡುವಾಗ ನಮ್ಮ ಕಡೆ ಹೇಳುವ ಮಾತು ತಾನಾಗಿ ಬಾಯಿಗೆ ಬಂತು. ಕೈಮುಗಿದು, "ಹೋಗಿ ಬರ್ರಿ" ಎಂದೆ.

ಆಚೆ ಅಂಚಿನ ಕೊನೆಯ ದಂಟು ಅಲುಗಿ ಸುಮ್ಮನಾಯಿತು. ನಾನು ಬಿಲ್ಲೆತ್ತಿಕೊಂಡು, ಹಿಂದೆ ನೋಡದೆ, ಮನೆಯ ದಾರಿ ಹಿಡಿದೆ. ಬರೀ ಹೋಗ್ರಿ ಎನ್ನಬೇಕಿತ್ತು, ಬರ್ರಿ ಎಂದೂ ಅಂದುಬಿಟ್ಟೆನಲ್ಲ ಎಂಬುದು ಹೊಳೆದದ್ದು ಅರ್ಧ ದಾರಿಗೆ ಬಂದ ಮೇಲೆ.